ನಿಂಗಿಯ ಮೈಮೇಲೆ ಬರುವ ದೇವಿ

ಸ್ನೇಹಿತರೇ, ಮೈಸೂರಿನಲ್ಲಿ ಬಿ.ಎ.ಗೆ ಮನಃಶಾಸ್ತ್ರ ಓದುವವನು ರಜೆಗೆಂದು ಮದ್ದೂರಿಗೆ ಬರಲೇಬಾರದು. ಇವತ್ತು ಪಕ್ಕದ ಮನೆಯ ಸಿದ್ದಮ್ಮ ನನ್ನನ್ನು ಕರೆದು ಜಗಲಿಯ ಮೇಲೆ ಕೂರಿಸಿ, ಸೊಸೆ ನಿಂಗಿಯನ್ನು ಎದುರಿಗೆ ನಿಲ್ಲಿಸಿದರು.

"ಸುಕ್ರವಾರ ಬಂತು ಅಂದ್ರೆ ಇವಳ ಮೈಮ್ಯಾಲೆ ದೇವಿ ಬತ್ತಾಳೆ ಕಣಪ್ಪ. 'ಲೇ ಸಿದ್ದಿ, ಇವಳ್ನ ತವರಿಗೆ ಕಳ್ಸು' ಅಂತ ನನಗೇ ಗದರ್ತಾಳೆ. ನಿನ್ ಓದ್ನಲ್ಲಿ ಇದಕ್ಕೆ ಮದ್ದದಾ?"

"ದೇವಿಯೂ ಇಲ್ಲ, ಏನೂ ಇಲ್ಲ. ಇದು ಮನಸ್ಸಿನ ಕಾಯಿಲೆ. ಯಾರೂ ಕಿವಿ ಕೊಡಬೇಡಿ, ತಾನಾಗೇ ನಿಂತುಹೋಗುತ್ತೆ" ಎಂದು ಪಾಠ ಒಪ್ಪಿಸಿದೆ.

ಸಿದ್ದಮ್ಮ ಖುಷಿಯಾಗಿ ಮಜ್ಜಿಗೆ ತರಲು ಒಳಗೆ ಹೋದರು. ನಿಂಗಿ ತಲೆ ಎತ್ತದೆಯೇ ಹೇಳಿದಳು:

"ಅಂಗನ್ಬ್ಯಾಡ ಕಣಣ್ಣ. ನಾನು ಏಳಿದ್ರೆ ಈ ಮನೇಲಿ ಯಾರೂ ಕೇಳಕಿಲ್ಲ. ದೇವಿ ಏಳಿದ್ರೆ ಕೈ ಮುಗ್ದು ಕೇಳ್ತಾರೆ."

ಮಜ್ಜಿಗೆ ಬಂದಾಗ ನಾನು ಮಾತು ಬದಲಿಸಿದೆ.

"ಯೋಚನೆ ಮಾಡಿದೆ ಸಿದ್ದಮ್ಮ, ಇದು ದೇವಿಯೇ. ಆಕೆ ಹೇಳಿದ ಹಾಗೆ ನಿಂಗಿಯನ್ನು ಸ್ವಲ್ಪ ದಿನ ಬೆಳಕವಾಡಿಯ ತವರಿಗೆ ಕಳಿಸಿಬಿಡಿ."

"ಇದನ್ನೇಳಕ್ಕೆ ಮೈಸೂರ್ಗೋಗಿ ಓದ್ಬೇಕಿತ್ತಾ? ನಮ್ ಪೂಜಾರಿ ಒಂದ್ ತೆಂಗಿನ್‌ಕಾಯ್ಗೆ ಏಳ್ತಿದ್ನಲ್ಲ!"

ನಿಂಗಿ ನಾಳೆ ತವರಿಗೆ ಹೊರಡುತ್ತಾಳೆ. ಪರೀಕ್ಷೆಯಲ್ಲಿ ಈ ಉತ್ತರ ಬರೆದರೆ ನಮ್ಮ ಮೇಷ್ಟ್ರು ಸೊನ್ನೆ ಹಾಕುತ್ತಾರೆ. ಹಾಕಲಿ. ಅವರಿಗೆ ದೇವಿ ಹೀಗೆ ಮೆಲ್ಲಗೆ ಮಾತಾಡಿದ್ದು ಕೇಳಿಸಿಲ್ಲ.