ಎಡಗೈ ಏಳದ ದಿನಗಳು

ಮೊದಲು ಗೊತ್ತಾಗಿದ್ದು ಪೂಜೆಗೆ ಕೂತಾಗ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಲು ಹೋದೆ. ಕೈ ಎದೆ ದಾಟಲಿಲ್ಲ. ಭುಜದಲ್ಲಿ ಚುಳುಕ್ ಎಂದಿತು.

ಲಿಂಗ ಜಾರಿ ಮಡಿಲಿಗೆ ಬಿತ್ತು.

ಸೇಡಂನಲ್ಲಿ ಸಲಹೆಗೆ ಬರವಿಲ್ಲ. "ಕೈ ಅಲುಗಾಡಿಸಬ್ಯಾಡ್ರಿ, ಕಟ್ಟಿ ಇಡ್ರಿ" ಎಂದಳು ಪಕ್ಕದ ಮನೆಯಾಕೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಓದಿದ್ದೆಲ್ಲ ಎಲ್ಲಿ ಹೋಗಿತ್ತೋ, ಹಳೆ ಸೀರೆ ಹರಿದು ಕೈಯನ್ನು ಕೊರಳಿಗೆ ಜೋತುಹಾಕಿಕೊಂಡು ತಿಂಗಳುಗಟ್ಟಲೆ ತಿರುಗಿದೆ. ನೋವೂ ಹೋಗಲಿಲ್ಲ, ಕೈಯೂ ಕಟ್ಟಿಗೆಯಂತಾಯಿತು. ಜಡೆ ಹಾಕಲಾಗದು, ಕುಪ್ಪಸದ ಹುಕ್ಕು ಹಾಕಲಾಗದು.

ಕಲಬುರಗಿಯ ಡಾಕ್ಟರು ಎಕ್ಸ್‌ರೇ ನೋಡಿದರು. ಕೈ ಹಿಡಿದು ತಿರುಗಿಸಿ ನೋಡಿದರು.

"ಶುಗರ್ ಅದ ಏನ್ರಿ, ಟೀಚರ್?"

"ಅದರಿ."

"ಇದು ಫ್ರೋಜನ್ ಶೋಲ್ಡರ್. ಶುಗರ್ ಇದ್ದವರಿಗೆ ಜಾಸ್ತಿ ಬರ್ತದ. ನೀವು ಕಟ್ಟಿ ಇಟ್ಟಿದ್ದಕ್ಕ ಕೀಲು ಇನ್ನೂ ಬಿಗದದ."

ಮಾಡಿದ್ದುಣ್ಣು ಎಂದುಕೊಂಡೆ. ಇಂಜೆಕ್ಷನ್ ಕೊಟ್ಟರು, ಫಿಸಿಯೋಥೆರಪಿ ಬರೆದರು. ವರ್ಷ ಹಿಡಿಯಬಹುದು, ಸಮಾಧಾನ ಇರಲಿ ಎಂದರು. ಸಮಾಧಾನ ನನ್ನ ಜಾಯಮಾನದಲ್ಲೇ ಇಲ್ಲ.

ಫಿಸಿಯೋಥೆರಪಿಯಲ್ಲಿ ಹೇಳಿಕೊಟ್ಟಂತೆ ದಿನವೂ ಗೋಡೆಯ ಮೇಲೆ ಎಡಗೈ ಬೆರಳು ಹತ್ತಿಸುತ್ತಿದ್ದೆ. ಮೂಲೆಯ ಹಲ್ಲಿ ನನಗಿಂತ ಸಲೀಸಾಗಿ ಹತ್ತುತ್ತಿತ್ತು. ಅದೆಲ್ಲ ಸಹಿಸಿದೆ. ಸಹಿಸಲಾಗದ್ದು ಪೂಜೆಯ ಹೊತ್ತು. ಲಿಂಗವನ್ನು ಮಡಿಲಲ್ಲೇ ಹಿಡಿದು, ತಲೆ ಬಗ್ಗಿಸಿ ನೋಡಬೇಕಾಗಿತ್ತು. ಚಿಕ್ಕಂದಿನಿಂದ ಬಂದ ಪೂಜೆ ಕೈತಪ್ಪಿತೆಂದು ಒಂದು ಮುಂಜಾನೆ ಅತ್ತುಬಿಟ್ಟೆ.

ಪಕ್ಕದಲ್ಲಿ ಅತ್ತೆ ತಮ್ಮ ಪೂಜೆ ಮುಗಿಸಿದ್ದರು. ಎಂಬತ್ತರ ಹತ್ತಿರದ ಜೀವ, ಮಾತು ಕಡಿಮೆ, ಶಿಸ್ತು ಹೆಚ್ಚು. ಬೈಯುತ್ತಾರೆಂದೇ ತಿಳಿದೆ. ಹತ್ತಿರ ಸರಿದು ಕೂತರು.

"ನಿನ್ನ ಲಿಂಗ ನಾ ಹಿಡಿಲಿಕ್ಕ ಬರಲ್ಲ ಯವ್ವಾ. ನಿನ್ನ ಕೈ ಹಿಡಿಲಿಕ್ಕ ಬರ್ತದಲ್ಲ."

ನನ್ನ ಮೊಳಕೈ ಕೆಳಗೆ ತಮ್ಮ ಅಂಗೈ ಕೊಟ್ಟು ಮೆಲ್ಲಗೆ ಎತ್ತಿದರು. ಭಾಳ ನೋವಾಯಿತು.

ಲಿಂಗ ಕಣ್ಣೆದುರು ಬಂತು.

ಅಂದಿನಿಂದ ದಿನಾ ಹಾಗೇ. ಅವರ ಕೈ ನಡುಗುವುದು ನನ್ನ ಮೊಳಕೈಗೆ ಗೊತ್ತಾಗುತ್ತಿತ್ತು. "ಸಾಕು ಬಿಡ್ರಿ ಅತ್ತಿ" ಎಂದರೆ "ಸುಮ್ಮ ಪೂಜಿ ಮಾಡು" ಎನ್ನುತ್ತಿದ್ದರು. ಅವ್ವ ಹೋದ ಮೇಲೆ ನನ್ನನ್ನು ಹೀಗೆ ಯಾರೂ ಹಿಡಿದಿರಲಿಲ್ಲ.

ಮೊನ್ನೆ ಕೈ ತಾನಾಗಿಯೇ ಎದ್ದಿತು. ಪೂರ್ತಿ ಅಲ್ಲ, ಹುಕ್ಕು ಈಗಲೂ ಮಗಳೇ ಹಾಕಬೇಕು. ಲಿಂಗ ಮಾತ್ರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಅಷ್ಟಕ್ಕೇ ನಾನು ಋಣಿ.

ಅತ್ತೆ ನೋಡಿದರು. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು.

"ಹಂಗಿದ್ರ ಇನ್ನ ನಾ ಬ್ಯಾಡೇನು?"

ನಗುತ್ತಲೇ ಕೇಳಿದರು. ನನಗೆ ನಗು ಬರಲಿಲ್ಲ.

"ಕುಂದ್ರಿ ಅತ್ತಿ," ಎಂದು ಮೊಳಕೈಯನ್ನು ಅವರತ್ತ ಸರಿಸಿದೆ.