ಬಿಷ್ಣಿಯ ಪಾಲಿನ ಇಳಿಜಾರು

ನೇಪಾಳದ ಬಾಗ್ಲುಂಗ್ ಬೆಟ್ಟದ ಆ ಊರಿಗೆ ಲೋಕ್ತಾ ಗಿಡ ಕಡಿಯುವುದನ್ನು ಕಲಿಸಿದವಳು ಬಿಷ್ಣಿ ಪುನ್. ಬುಡದಿಂದ ಗೇಣು ಮೇಲೆ, ಓರೆಯಾಗಿ ಒಂದೇ ಏಟು. ತೊಗಟೆ ಕಾಗದಕ್ಕೆ ಹೋಗುತ್ತದೆ, ಬುಡ ಮತ್ತೆ ಚಿಗುರುತ್ತದೆ. ನೆಲಕ್ಕೆ ಸವರಿದರೆ ಗಿಡದ ಕಥೆ ಮುಗಿಯಿತು. ಕಾಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾಲು. ಕಡಿದ ಕಾಡಿಗೆ ಏಳು ವರ್ಷ ಯಾರೂ ಕಾಲಿಡುವಂತಿಲ್ಲ; ಆಮೇಲೆ ಯಾರ ಪಾಲು ಚಿಗುರಿಲ್ಲವೋ ಅವರಿಗೆ ಇನ್ನು ಕಾಡಿಲ್ಲ. ಈ ಕಟ್ಟಳೆಯೂ ಅವಳದೇ. ಯಾರ ಪಾಲಿನ ಗಡಿ ಎಲ್ಲಿ ಎಂದು ನೆನಪಿಟ್ಟವಳೂ ಅವಳೇ.

ಅವಳ ಬಾಯಿಗೆ ಹೆದರದವರಿರಲಿಲ್ಲ. ಬಹಳ ಹಿಂದೆ ಗಂಡನ ತಂಗಿ ಜಸ್ಮತಿ ನಾಲ್ಕು ಗಿಡ ತಗ್ಗಿಸಿ ಕಡಿದದ್ದಕ್ಕೆ ಊರೆದುರೇ ನೀರಿಳಿಸಿದ್ದಳು.

"ನಿನ್ನ ಬದ್ಲು ಕಾಡುಹಂದಿ ಬಿಟ್ಟಿದ್ರೆ ವಾಸಿ ಇತ್ತು" ಎಂದಿದ್ದಳು.

ಈ ಮಾಘದಲ್ಲಿ ಕಾಡು ತೆರೆಯುವ ಹಿಂದಿನ ದಿನ ಅತ್ತಿಗೆ ನಾದಿನಿ ಇಬ್ಬರೇ ಹತ್ತಿದರು. ಬಿಷ್ಣಿಯ ಕಣ್ಣಿಗೆ ಪೊರೆ ಬಂದು ಬಹಳ ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಲೋಕ್ತಾ ಹೂವಿನ ಘಮ ಹಿಡಿದೇ ನಡೆದಳು. ಮೇಲೆ ಜಸ್ಮತಿಯ ಪಾಲಿನಲ್ಲಿ ಮೂಗು ತುಂಬಿತು. ಕೆಳಗಿಳಿದು ತನ್ನ ಪಾಲಿಗೆ ಬಂದರೆ ಬರೀ ಹಸಿ ಮಣ್ಣಿನ ವಾಸನೆ. ಕೂತು ಕೈಯಾಡಿಸಿದಳು. ಮೋಟುಗಳೆಲ್ಲ ನೆಲಮಟ್ಟ, ಒಣಗಿ ಟೊಳ್ಳು. ಏಳು ವರ್ಷದ ಕೆಳಗೆ ಇವನ್ನು ಕಡಿಯುವಾಗಲೇ ಕಣ್ಣು ಕೈಕೊಟ್ಟಿತ್ತು. ಕಾಡು ಹೋದರೆ ಅವಳಿಗೆ ಉಳಿಯುವುದು ಸೊಸೆಯ ಒಲೆಯ ಪಕ್ಕದ ಮೂಲೆ ಮಾತ್ರ.

"ಅತ್ತಿಗೆ, ನಾಳೆ ಕೇಳಿದ್ರೆ ಇದು ನಂದು ಅಂತೀನಿ, ಮೇಲಿಂದು ನಿಮ್ದು" ಎಂದಳು ಜಸ್ಮತಿ. "ನಂಗೆ ಹೆಂಗೂ ಕೆಟ್ಟ ಹೆಸರಿದೆ. ಈ ವಯಸ್ನಲ್ಲಿ ನಿಮಗ್ಯಾಕೆ?"

ಬಿಷ್ಣಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾಡಿನಲ್ಲಿ ನಿಂತು ಸುಳ್ಳಾಡಿದರೆ ನಾಲಿಗೆ ಕೀಳುತ್ತೇನೆ ಎಂದು ಬೈದಳು. ಇಳಿಯುವ ದಾರಿಯುದ್ದಕ್ಕೂ ಬೈಯುತ್ತಲೇ ಇದ್ದಳು.

ಮರುದಿನ ಊರೆಲ್ಲ ಬುಟ್ಟಿ ಹೊತ್ತು ನೆರೆಯಿತು. ಕಾಡು ಸಮಿತಿಯ ಹಿರಿಯ ದಲ್‌ಬೀರ್ ಸತ್ತ ಮೋಟೊಂದನ್ನು ಕಾಲಲ್ಲಿ ಒದ್ದು, "ಇದ್ಯಾರ ಪಾಲು, ಬಿಷ್ಣಕ್ಕ?" ಎಂದು ಅವಳನ್ನೇ ಕೇಳಿದ.

ಜಸ್ಮತಿ ಬಾಯಿ ತೆರೆಯುವ ಮೊದಲೇ ಬಿಷ್ಣಿ ಹೇಳಿದಳು.

"ಜಸ್ಮತಿದು."

ಯಾರಿಗೂ ಆಶ್ಚರ್ಯವಾಗಲಿಲ್ಲ. ಹಂದಿಯ ಮಾತನ್ನು ನೆನೆದು ಒಬ್ಬಿಬ್ಬರು ನಕ್ಕರು. ತಾನೇ ಹೇಳಬೇಕೆಂದಿದ್ದ ಮಾತು ಅತ್ತಿಗೆಯ ಬಾಯಲ್ಲಿ ಬಂದದ್ದು ಕೇಳಿ ಜಸ್ಮತಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಖಾಲಿ ಬುಟ್ಟಿ ಹೊತ್ತು ಇಳಿದುಹೋದಳು.

ಮೇಲಿನ ಪಾಲು ಬಿಷ್ಣಿಯದೆಂದು ಅವಳನ್ನು ಅಲ್ಲಿಗೆ ಬಿಟ್ಟರು. ಸುತ್ತಲೂ ಜಸ್ಮತಿ ಉಳಿಸಿದ ಗಿಡಗಳು, ಮೈತುಂಬ ಹೂ. ಅವಳು ಬಗ್ಗಿ ಒಂದರ ಬುಡ ತಡಕಿ ಕತ್ತಿ ಎತ್ತಿದಳು. ಗೇಣು ಎಲ್ಲಿಗೆ ಬರುತ್ತದೆಂದು ಅವಳಿಗೆ ಕಾಣುತ್ತಿರಲಿಲ್ಲ.