ಹೇಳದೆ ತೆಗೆದು, ಕೇಳಿ ಉಳಿಸುವವರು

ನಮ್ಮ ಸಿ.ವಿ. ರಾಮನ್ ನಗರದ ಚಂದ್ರಶೇಖರಯ್ಯನವರು ಕ್ಯಾಮೆರಾ ನೇತುಹಾಕಿಕೊಂಡು ಹಾಲಿಗೆ ಹೊರಟರೆ ಮನೆಯವರು ಅಂದಿನ ಕಾಫಿಯ ಆಸೆ ಬಿಡುತ್ತಾರೆ. ದಾರಿಯಲ್ಲಿ ಕಾಗೆಯೊಂದು ಒಣ ರೊಟ್ಟಿಯನ್ನು ನೀರಿನಲ್ಲಿ ಅದ್ದುತ್ತಿರುತ್ತದೆ. ಪಕ್ಕದ ಬೇಕರಿಯಲ್ಲಿ ಟೆಕ್ ಪಾರ್ಕಿನ ಹುಡುಗ ಅಷ್ಟೇ ಗಮನವಿಟ್ಟು ರಸ್ಕನ್ನು ಟೀಯಲ್ಲಿ ಅದ್ದುತ್ತಿರುತ್ತಾನೆ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯುವವರೆಗೆ ಇವರು ಕದಲುವುದಿಲ್ಲ, ಹಿಂದಿನ ಆಟೋಗಳನ್ನೂ ಕದಲಗೊಡುವುದಿಲ್ಲ. “ಪ್ರಾಣಿ ಕ್ಯಾಮೆರಾ ಕಂಡ್ರೆ ಹೊಟ್ಟೆ ಒಳಗೆ ಎಳ್ಕೊಳ್ಳಲ್ಲ ರೀ, ಮನುಷ್ಯ ಎಳ್ಕೊಳ್ತಾನೆ” ಎನ್ನುವುದು ಅವರ ಸಿದ್ಧಾಂತ. ಆದ್ದರಿಂದ ಮನುಷ್ಯರ ಫೋಟೋವನ್ನು ಹೇಳದೆಯೇ ತೆಗೆಯುತ್ತಾರೆ, ಆಮೇಲೆ ಅವರಿಗೇ ತೋರಿಸುತ್ತಾರೆ, ಬೇಡವೆಂದರೆ ಅವರೆದುರೇ ಅಳಿಸುತ್ತಾರೆ. ಪಕ್ಕದ ಮನೆಯ ಕೃಷ್ಣಸ್ವಾಮಿ ಬೀದಿನಾಯಿಯೊಂದಿಗೆ ಬನ್ ಹಂಚಿಕೊಳ್ಳುತ್ತಿದ್ದ ತಮ್ಮ ಫೋಟೋ ನೋಡಿ, “ಥೂ, ಅಳಿಸ್ರೀ, ಸೀತಾ ನೋಡಿದ್ರೆ ಒಳಗೆ ಸೇರಿಸಲ್ಲ” ಎಂದಿದ್ದರು. ಇವರು ಅಳಿಸಿದ್ದರು. ಕಳೆದ ವರ್ಷ ಕೃಷ್ಣಸ್ವಾಮಿ ತೀರಿಕೊಂಡಾಗ ಹಾರ ಹಾಕಲು ಸಿಕ್ಕಿದ್ದು ಆಫೀಸಿನ ಗುರುತಿನ ಚೀಟಿಯ ಬಿಗಿದ ಮುಖವೊಂದೇ. “ಇದು ಅವರ ಥರಾನೇ ಇಲ್ಲ. ನಿಮ್ಮ ಹತ್ರ ಏನಾದ್ರೂ ಇದೆಯಾ?” ಎಂದು ಅವರ ಹೆಂಡತಿ ಸೀತಮ್ಮ ಕೇಳಿದರು. “ಒಂದಿತ್ತು. ಅವರೇ ಬೇಡ ಅಂದ್ರು.” ಬೇಡವೆಂದರೆ ಅಳಿಸುವ ನಿಯಮವನ್ನು ಚಂದ್ರಶೇಖರಯ್ಯ ಇಂದಿಗೂ ಬಿಟ್ಟಿಲ್ಲ. ಆದರೆ ಸೀತಮ್ಮ ಕಾಂಪೌಂಡ್ ಬಳಿ ಬಂದು ನಿಂತರೆ, ಕ್ಯಾಮೆರಾ ಕೆಳಗಿಟ್ಟು ಆ ಫೋಟೋವನ್ನು ಬಾಯಲ್ಲೇ ಬಿಡಿಸಿ ಹೇಳುತ್ತಾರೆ: ಬೆಳಕು ಎಡಗಡೆಯಿಂದ, ಬನ್ನಿನ ದೊಡ್ಡ ತುಂಡು ನಾಯಿಗೆ, ಅಂಗಿಯ ಮೇಲಿನ ಗುಂಡಿ ಬಿಚ್ಚಿದೆ. ಎಷ್ಟು ಸಲ ಕೇಳಿದ್ದರೂ ಸೀತಮ್ಮ, “ನಾಲಿಗೆ ಹೊರಗಿತ್ತಾ?” ಎನ್ನುತ್ತಾರೆ. “ಇಬ್ಬರದೂ ಇತ್ತು.”